ಹುಳು ಜ್ವರ ಎದ್ದಾಗ ಪಾಠ ನಿಲ್ಲುವ ಮನೆ: ಶಿಡ್ಲಘಟ್ಟದಲ್ಲಿ ಕಡಿಮೆ ಖರ್ಚಿನ ಮನೆಶಿಕ್ಷಣದ ಪಠ್ಯ ಆರಿಸಿದ ಒಂದು ಪ್ರಕರಣ

ಚಿಕ್ಕಬಳ್ಳಾಪುರ ಜಿಲ್ಲೆ, ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ರೇಷ್ಮೆ ಬೆಳೆಯುವ ಕುಟುಂಬ. ಹಿಪ್ಪುನೇರಳೆ ತೋಟ, ಪಕ್ಕದಲ್ಲೇ ಹುಳು ಮನೆ, ವರ್ಷಕ್ಕೆ ಐದಾರು ಬೆಳೆ. ಗಂಡ, ಹೆಂಡತಿ, ಗಂಡನ ತಾಯಿ, ಇಬ್ಬರು ಮಕ್ಕಳು. ದೊಡ್ಡವಳಿಗೆ ಆಗಷ್ಟೇ 5 ವರ್ಷ ತುಂಬಿತ್ತು. ಚಿಕ್ಕವನಿಗೆ ಮೂರೂವರೆ. ತಾಯಿ ತುಮಕೂರು ಕಡೆಯವರು, ಬಿ.ಕಾಂ. ಓದಿದವರು. ತಂದೆಯ ಮನೆಮಾತು ತೆಲುಗು. ಮಕ್ಕಳು ಅಜ್ಜಿ ಜೊತೆ ತೆಲುಗು, ಅಮ್ಮನ ಜೊತೆ ಕನ್ನಡ, ಬೀದಿಯಲ್ಲಿ ಎರಡೂ ಮಾತಾಡುತ್ತಾರೆ. ಈ ಸೀಮೆಯಲ್ಲಿ ಇದು ಹೊಸದೇನಲ್ಲ.

ದೊಡ್ಡವಳು ಪಟ್ಟಣದ ಖಾಸಗಿ ಶಾಲೆಯೊಂದರಲ್ಲಿ ಎಲ್‌ಕೆಜಿ ಮುಗಿಸಿದ್ದಳು. ಯುಕೆಜಿಗೆ ಫೀಸು, ವ್ಯಾನು, ಪುಸ್ತಕ ಸೇರಿ 40 ಸಾವಿರದ ಹತ್ತಿರ ಬರುತ್ತಿತ್ತು. ಅದೇ ಹೊತ್ತಿಗೆ ಒಂದು ಬೆಳೆ ಹಾಲುತೊಂಡೆ ರೋಗಕ್ಕೆ ಹೋಗಿ ಮನೆಯಲ್ಲಿ ಕೈ ಬರಿದಾಗಿತ್ತು. ಊರಿನ ಸರ್ಕಾರಿ ಶಾಲೆಗೆ ಸೇರಿಸೋಣ ಅಂದರೆ 1ನೇ ತರಗತಿಗೆ 6 ವರ್ಷ ತುಂಬಬೇಕು. ಅಲ್ಲಿ ಯುಕೆಜಿ ಇರಲಿಲ್ಲ. ಹಾಗಾಗಿ ಆ ಒಂದು ವರ್ಷ ಮನೆಯಲ್ಲೇ ಕಲಿಸೋಣ ಅಂತ ತಾಯಿ ತೀರ್ಮಾನ ಮಾಡಿದರು. ಊರಿನ ಅಂಗನವಾಡಿ ಕಾರ್ಯಕರ್ತೆಯ ಮೂಲಕ ನನ್ನನ್ನು ಕೇಳಿಕೊಂಡು ಬಂದರು. ನಾನು ಸರ್ಕಾರಿ ಶಾಲೆಯಲ್ಲಿ ವರ್ಷಗಟ್ಟಲೆ ನಲಿ-ಕಲಿ, ಅಂದರೆ ಕಾರ್ಡುಗಳ ಮೂಲಕ ಕಲಿಸುವ ತರಗತಿ ನಡೆಸಿದವಳು.

ನಾನು ಮೊದಲು ಹೇಳಿದ್ದು ಇಷ್ಟೇ: ಬೆಳಗ್ಗೆ ಇಬ್ಬರನ್ನೂ ಅಂಗನವಾಡಿಗೆ ಕಳಿಸಿ. ಅಲ್ಲಿ 6 ವರ್ಷದವರೆಗೆ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ, ಊಟ ಕೊಡುತ್ತಾರೆ, ಹಾಡು ಆಟ ಇರುತ್ತದೆ, ಜೊತೆಗೆ ಮಕ್ಕಳಿರುತ್ತಾರೆ. ಒಂದು ರೂಪಾಯಿ ಖರ್ಚಿಲ್ಲ. ಮನೆಪಾಠ ಅಂದರೆ ಮಗುವನ್ನು ಮನೆಯೊಳಗೇ ಕೂಡಿಹಾಕುವುದು ಅಂತಲ್ಲ, ಅಲ್ವಾ? ತಾಯಿ ಒಪ್ಪಿದರು. ಓದು, ಲೆಕ್ಕಕ್ಕೆ ಮಾತ್ರ ಮನೆಯಲ್ಲಿ ದಿನಕ್ಕೆ ಒಂದು ಗಂಟೆ ಅಂತ ಇಟ್ಟುಕೊಂಡೆವು.

ಮಗು ಎಲ್ಲಿತ್ತು

ಯಾವ ಪಠ್ಯ ತರಬೇಕು ಅನ್ನುವ ಮುಂಚೆ ಮಗುವಿಗೆ ಏನು ಬರುತ್ತದೆ ಅಂತ ನೋಡಬೇಕು. ಅವಳ ಜೊತೆ ಜಗುಲಿಯಲ್ಲಿ ಕೂತು ನೋಡಿದೆ. 1ರಿಂದ 100ರವರೆಗೆ ತಪ್ಪಿಲ್ಲದೆ ಬರೆದಳು. "ಏಳು ಗೂಡು ಕೊಡು ಪುಟ್ಟಿ" ಅಂದರೆ ಕೈಗೆ ಸಿಕ್ಕಷ್ಟು ಬಾಚಿ ಕೊಟ್ಟಳು. ಅ ಆ ಇ ಈ ಸಾಲಾಗಿ ಬರೆದಳು. 'ಸರ' ಅಂತ ಬರೆದು ತೋರಿಸಿದರೆ ಓದಲಿಲ್ಲ. ಎ ಬಿ ಸಿ ಡಿ ಪೂರ್ತಿ ಬರುತ್ತಿತ್ತು, ಇಂಗ್ಲಿಷಿನಲ್ಲಿ ಒಂದು ವಾಕ್ಯ ಅರ್ಥವಾಗುತ್ತಿರಲಿಲ್ಲ. ಪೆನ್ಸಿಲ್ ಹಿಡಿದರೆ ಬೆರಳು ಬಿಳಿಚಿಕೊಳ್ಳುವಷ್ಟು ಒತ್ತುತ್ತಿದ್ದಳು. ಮೂರನೇ ಸಾಲಿಗೆ ಅಳು.

ಇದು ಆ ಮಗುವಿನ ದೋಷ ಅಲ್ಲ. ಎರಡೆರಡು ಭಾಷೆಯ ಅಕ್ಷರಗಳನ್ನು ನಾಲ್ಕು ವರ್ಷಕ್ಕೇ ಬರೆಸಿದರೆ ಹೀಗೇ ಆಗುತ್ತದೆ. ಕೈ ಬರೆಯುತ್ತದೆ, ತಲೆಗೆ ಏನೂ ಇಳಿದಿರುವುದಿಲ್ಲ.

ಅದೇ ಮಗು ಅಜ್ಜಿ ಹೇಳಿದ ಕಥೆಯನ್ನು ಒಂದು ಎಳೆ ಬಿಡದೆ ತೆಲುಗಿನಲ್ಲಿ ಹೇಳಿತು. ಯಾವ ಸೊಪ್ಪು ಎಳೆಯದು, ಯಾವುದು ಬಲಿತದ್ದು ಅಂತ ಮುಟ್ಟಿ ಹೇಳಿತು. ತಲೆ ಎತ್ತಿ ಸುಮ್ನೆ ನಿಂತ ಹುಳು ತೋರಿಸಿ "ಇದು ಜ್ವರಕ್ಕೆ ಕೂತಿದೆ" ಅಂದಿತು. ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ, ಅದು ಮುಗಿದರೆ ಜ್ವರ ಎದ್ದಿತು ಅನ್ನುತ್ತಾರೆ. ನೋಡುವ ಕಣ್ಣು, ನೆನಪು, ಮಾತು ಎಲ್ಲ ಇತ್ತು. ಅದನ್ನು ಬಿಟ್ಟು ಬೇರೆ ಕಡೆಯಿಂದ ಶುರು ಮಾಡಿದ್ದೇ ತೊಂದರೆ.

ನೋಡಿದ ಪಠ್ಯಗಳು

ನನ್ನ ಹತ್ತಿರ ಬರುವ ಮುಂಚೆಯೇ ತಾಯಿ ಫೋನಿನಲ್ಲಿ ಸಾಕಷ್ಟು ಹುಡುಕಿದ್ದರು. ಇಲ್ಲಿನ ಕಂಪನಿಗಳ ಡಬ್ಬಿ ಕಿಟ್‌ಗಳಿಗೆ ವರ್ಷಕ್ಕೆ ಹತ್ತು ಹದಿನೈದು ಸಾವಿರ. ತೆರೆದು ನೋಡಿದರೆ ಬಣ್ಣದ ವರ್ಕ್‌ಶೀಟುಗಳ ಕಟ್ಟು. ಬರೆದು ಬರೆದು ಪೆನ್ಸಿಲ್ಲಿಗೆ ಹೆದರುವ ಮಗುವಿಗೆ ಇನ್ನಷ್ಟು ಬರೆಯುವ ಹಾಳೆ. ಅದನ್ನು ಬೇಡ ಅನ್ನಲು ಜಾಸ್ತಿ ಹೊತ್ತು ಬೇಕಾಗಲಿಲ್ಲ.

ಅಮೆರಿಕದ ಪಠ್ಯಗಳ ವಿಷಯ ಬೇರೆ. ಅಲ್ಲಿ ಮನೆಯಲ್ಲೇ ಕಲಿಸುವ ಕುಟುಂಬಗಳು ತುಂಬ. ಅವರಿಗಾಗಿ ಮಾಡಿದ ಕೆಲವು ಒಳ್ಳೆಯ ಪಠ್ಯಗಳು ಪುಕ್ಕಟೆಯಾಗಿ ಇಳಿಸಿಕೊಳ್ಳಲು ಸಿಗುತ್ತವೆ. 'ದಿ ಗುಡ್ ಅಂಡ್ ದಿ ಬ್ಯೂಟಿಫುಲ್' ಭಾಷೆ ಮತ್ತು ಗಣಿತದ ಪುಸ್ತಕಗಳನ್ನು ಹಾಗೆ ಕೊಡುತ್ತದೆ. 'ಕೋರ್ ನಾಲೆಡ್ಜ್' ಸಂಸ್ಥೆಯೂ ಕೊಡುತ್ತದೆ. 'ಆಂಬಲ್‌ಸೈಡ್ ಆನ್‌ಲೈನ್' ಅನ್ನುವುದು ಷಾರ್ಲೆಟ್ ಮೇಸನ್ ಅವರ ವಿಚಾರದ ಮೇಲೆ ಕಟ್ಟಿದ ಉಚಿತ ಪಠ್ಯ. ಮೇಸನ್ 1842ರಿಂದ 1923ರವರೆಗೆ ಬದುಕಿದ್ದ ಇಂಗ್ಲೆಂಡಿನ ಶಿಕ್ಷಕಿ. 6 ವರ್ಷಕ್ಕೆ ಮುಂಚೆ ಕೂರಿಸಿ ಪಾಠ ಮಾಡಬೇಡಿ, ಮಗು ಹೊರಗೆ ಬಯಲಲ್ಲಿರಲಿ, ಆಮೇಲೂ ಚಿಕ್ಕ ಚಿಕ್ಕ ಪಾಠ ಇರಲಿ ಅಂತ ಹೇಳಿದವರು. ಈ ಒಂದು ಮಾತು ತಾಯಿಗೆ ಧೈರ್ಯ ಕೊಟ್ಟಿತು. ದಿನಕ್ಕೆ ಒಂದು ಗಂಟೆ ಸಾಕು, ಅದೂ ತುಂಡು ತುಂಡಾಗಿ ಅನ್ನುವುದನ್ನು ನಾವು ಅಲ್ಲಿಂದ ಇಟ್ಟುಕೊಂಡೆವು.

ಆದರೆ ಆ ಪಠ್ಯಗಳಲ್ಲೊಂದನ್ನು ತಾಯಿ ಆಗಲೇ ಕೆಲವು ವಾರ ನಡೆಸಿ ನೋಡಿದ್ದರು, ಸೋತಿದ್ದರು. ಪುಸ್ತಕ ಪುಕ್ಕಟೆ, ಮುದ್ರಣ ಅಲ್ಲ. ಬಣ್ಣದ ಪ್ರಿಂಟಿಗೆ ಪುಟಕ್ಕೆ 10 ರೂಪಾಯಿ ಹಿಡಿದರೂ 300 ಪುಟಕ್ಕೆ 3 ಸಾವಿರ. ಗಣಿತದಲ್ಲಿ ಪೆನ್ನಿ, ನಿಕಲ್, ಡೈಮ್ ನಾಣ್ಯಗಳು. ಚಳಿಗಾಲ ಅಂದರೆ ಹಿಮ. ಇವನ್ನೆಲ್ಲ ಹೇಗೋ ಬದಲಾಯಿಸಿಕೊಳ್ಳಬಹುದು. ಬದಲಾಯಿಸಲು ಆಗದ್ದು ಓದು ಕಲಿಸುವ ಬಗೆ. ಅಲ್ಲಿ ಮಗು ಅಕ್ಷರಗಳ ಸದ್ದು ಕೂಡಿಸಿ 'ಕ್ಯಾಟ್' ಅಂದಾಗ "ಓ, ಬೆಕ್ಕು!" ಅಂತ ಖುಷಿ ಪಡುತ್ತದೆ, ಯಾಕೆಂದರೆ ಆ ಮಾತು ಅದಕ್ಕೆ ಮೊದಲೇ ಗೊತ್ತು. ನಮ್ಮ ಹುಡುಗಿ ಸದ್ದು ಕೂಡಿಸಿ ಸುಮ್ಮನೆ ಕೂರುತ್ತಿದ್ದಳು. ಕೂಡಿಸಿದ ಮೇಲೂ ಅವಳಿಗೆ ಅದು ಬರೀ ಸದ್ದು. ಮಗು ಮಾತಾಡುವ ಭಾಷೆಯಲ್ಲೇ ಮೊದಲ ಓದು ಆಗಬೇಕು ಅಂತ ನಾನು ಹಟ ಹಿಡಿಯುವುದು ಈ ಕಾರಣಕ್ಕೆ.

ಇನ್ನೊಂದು ತೊಡಕು ಬೆಳೆಯದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಇವರು ಮರಿ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತರುತ್ತಾರೆ. ಮೊದಲ ಕೆಲವು ದಿನ ಕೆಲಸ ಹಿಡಿತದಲ್ಲಿರುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಮನೆಯ ಚಿತ್ರವೇ ಬದಲು. ಹುಳು ತನ್ನ ಇಡೀ ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಪಾಲನ್ನು ಕೊನೆಯ ಆ 7-8 ದಿನದಲ್ಲೇ ತಿನ್ನುತ್ತದೆ. ಬೆಳಗಾಗುವ ಮುಂಚೆ ಸೊಪ್ಪು ಕೊಯ್ಯಬೇಕು, ಹೊತ್ತು ತರಬೇಕು, ಹಾಕಬೇಕು, ಕಸ ತೆಗೆಯಬೇಕು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಆರಿಸಿ ಚಂದ್ರಿಕೆ ಅನ್ನುವ ಗೂಡು ಕಟ್ಟುವ ತಟ್ಟೆಗೆ ಬಿಡುವ ದಿನ ಮನೆಯವರಿಗೆ ಊಟಕ್ಕೂ ಪುರುಸೊತ್ತಿಲ್ಲ. ಆಮೇಲೆ ಗೂಡು ಬಿಡಿಸುವುದು, ಮಾರುಕಟ್ಟೆಗೆ ಒಯ್ಯುವುದು. ಇಷ್ಟೂ ದಿನ ಪಾಠ ಅನ್ನುವ ಮಾತೇ ಇಲ್ಲ. ಇದು ವರ್ಷಕ್ಕೆ ಐದಾರು ಸಲ.

'ದಿನ 1, ದಿನ 2' ಅಂತ ಬರೆದ ಪಠ್ಯ ಇಂಥ ಮನೆಯಲ್ಲಿ ನಡೆಯುವುದಿಲ್ಲ. ತಾಯಿ ನನ್ನ ಮುಂದೆ ಪುಸ್ತಕ ಬಿಚ್ಚಿ, "ಮೇಡಂ, ಇದರ ಪ್ರಕಾರ ನಾವು ಒಂದು ತಿಂಗಳು ಹಿಂದಿದ್ದೀವಿ. ರಾತ್ರಿ ಒಂಬತ್ತಕ್ಕೆ ಎಬ್ಬಿಸಿ ಕೂರಿಸಿದ್ದೂ ಇದೆ" ಅಂದರು. ಹೇಳುವಾಗ ಗಂಟಲು ಕಟ್ಟಿತ್ತು. ಯಾರಿಗಿಂತ ಹಿಂದೆ? ಅಷ್ಟು ಕಷ್ಟಪಟ್ಟು ದುಡಿಯುವ ಒಬ್ಬ ತಾಯಿಗೆ ಪುಸ್ತಕವೊಂದು ತಪ್ಪಿತಸ್ಥೆ ಅನ್ನಿಸುವಂತೆ ಮಾಡಿದ್ದು ನನಗೆ ತುಂಬ ನೋವು ಕೊಟ್ಟಿತು. ಬೆಲೆ ಎಷ್ಟು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅಲ್ಲೇ ಹೊಳೆಯಿತು: ಈ ಪಠ್ಯ ಹತ್ತು ದಿನ ಕಾಯುತ್ತದಾ?

ಆರಿಸಿದ್ದು

ಕಾಯುವ ಪಠ್ಯ ನಮ್ಮ ರಾಜ್ಯದಲ್ಲೇ ಇದೆ. ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಅದರ ಮೂಲ ಪ್ರೇರಣೆ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳು. ಋಷಿವ್ಯಾಲಿ ಅಂದರೆ ದೂರವೇನಲ್ಲ, ಚಿಂತಾಮಣಿ ದಾಟಿ ಮದನಪಲ್ಲಿ ಕಡೆ ಹೋದರೆ ಸಿಗುತ್ತದೆ. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ತಾರೀಖು ಇಲ್ಲ. ಕಲಿಕಾ ಏಣಿ ಇದೆ. ಏಣಿಯ ಮೇಲೆ ಮೈಲಿಗಲ್ಲುಗಳು, ಪ್ರತಿ ಮೆಟ್ಟಿಲಿಗೆ ಒಂದು ಕಾರ್ಡು. ಮಗು ವಾರಗಟ್ಟಲೆ ಶಾಲೆಗೆ ಬರದೆ ಹೋದರೂ, ಬಂದ ದಿನ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಸುಗ್ಗಿಗೆ, ಜಾತ್ರೆಗೆ, ತಂಗಿ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವ ಮಕ್ಕಳನ್ನು ನೋಡಿಯೇ ಮಾಡಿದ ವ್ಯವಸ್ಥೆ ಅದು. ತರಗತಿಯಲ್ಲಿ ಅದರ ಬೆಲೆ ನಾನು ಕಣ್ಣಾರೆ ಕಂಡಿದ್ದೇನೆ.

ಅಕ್ಷರ ಕಲಿಸುವ ಕ್ರಮವೂ ಬೇರೆ. ಅ ಆ ಇ ಈ ಇಂದ ಹೊರಟರೆ ಋ, ಔ, ಅಃ ದಾಟಿ ಕ ಬರುವವರೆಗೆ ಮಗುವಿಗೆ ಓದಲು ಮಾತುಗಳೇ ಸಿಗುವುದಿಲ್ಲ. ನಲಿ-ಕಲಿಯಲ್ಲಿ ಮೊದಲು ರ, ಗ, ಸ, ದ, ಅ. ಈ ಐದರಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಆಗುತ್ತವೆ. ಆಮೇಲೆ ಜ, ವ, ಮ, ಬ, ನ. ಆಗ ಮರ, ಮಗ, ಜನ, ದನ, ವನ, ಬಸವ. ಒಂದು ಗುಣಿತವಿಲ್ಲ, ಒಂದು ಒತ್ತಿಲ್ಲ, ಮಗು ಆಗಲೇ ಓದುತ್ತಿದೆ.

ಆ ಮೊದಲ ಐದು ಅಕ್ಷರಗಳು ತೆಲುಗಿನಲ್ಲೂ ಹೆಚ್ಚು ಕಡಿಮೆ ಹಾಗೇ ಇವೆ. ಅಜ್ಜಿ ಹಿಂದೂಪುರದ ಕಡೆಯವರು, ತೆಲುಗು ಓದಲು ಬರುತ್ತದೆ, ಕನ್ನಡ ಅಕ್ಷರ ಕಲಿತವರಲ್ಲ. ಕಾರ್ಡು ನೋಡಿ ಅವರೇ ಓದಿದರು. ತಾಯಿ ಸೊಪ್ಪಿಗೆ ಹೋದಾಗ ಹಳೆಯ ಕಾರ್ಡು ತಿರುವಿ ಓದಿಸಲು ಮನೆಯಲ್ಲಿ ಇನ್ನೊಬ್ಬರು ಸಿಕ್ಕಿದಂತಾಯಿತು. ನಾನು ಯೋಜನೆ ಹಾಕಿದ್ದಲ್ಲ ಇದು. ಆದರೆ ಆ ವರ್ಷದ ದೊಡ್ಡ ಲಾಭಗಳಲ್ಲಿ ಒಂದು.

ಕಾರ್ಡುಗಳನ್ನು ಪಟ್ಟಣದ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪಿನಲ್ಲಿ ದಪ್ಪ ಹಾಳೆಗೆ ತೆಗೆಸಿದೆವು. ಬಣ್ಣ ಮಗುವೇ ಹಚ್ಚಿತು. ಪಠ್ಯಪುಸ್ತಕಗಳು ಬೇಕಾದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಎನ್‌ಸಿಇಆರ್‌ಟಿಯವರ 'ವಿದ್ಯಾ ಪ್ರವೇಶ' ಅನ್ನುವುದು 1ನೇ ತರಗತಿಗೆ ಮಗುವನ್ನು ಆಟದ ಮೂಲಕ ಅಣಿ ಮಾಡುವ 12 ವಾರದ ಉಚಿತ ಕಾರ್ಯಕ್ರಮ. 2021ರಲ್ಲಿ ಬಂತು. ಅದರಿಂದ ಆಟಗಳನ್ನು ಮಾತ್ರ ಎತ್ತಿಕೊಂಡೆವು, ವಾರದ ಲೆಕ್ಕ ಬಿಟ್ಟೆವು.

ಕಥೆಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್. 2015ರಲ್ಲಿ ಶುರುವಾದ ಈ ತಾಣದಲ್ಲಿ ಕನ್ನಡ, ತೆಲುಗು ಎರಡರಲ್ಲೂ ಚಿತ್ರಕಥೆಗಳು ಹಂತಗಳ ಪ್ರಕಾರ ಸಿಗುತ್ತವೆ. ಇಳಿಸಿಕೊಳ್ಳಲು, ಮುದ್ರಿಸಲು ಯಾರ ಅಪ್ಪಣೆಯೂ ಬೇಡ. ಒಂದೇ ಕಥೆಯನ್ನು ಅಮ್ಮ ಕನ್ನಡದಲ್ಲಿ, ಅಜ್ಜಿ ತೆಲುಗಿನಲ್ಲಿ ಓದಿ ಹೇಳಿದರು. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲೂ ಮಕ್ಕಳ ಪುಸ್ತಕ ಇದ್ದವು. 2020ರಲ್ಲಿ ಶುರುವಾದ 'ಓದುವ ಬೆಳಕು' ಯೋಜನೆಯಲ್ಲಿ 6 ವರ್ಷ ದಾಟಿದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ಇವಳಿಗೆ ಇನ್ನೂ 5, ಹಾಗಾಗಿ ತಾಯಿಯ ಹೆಸರಿನಲ್ಲಿ ತಂದರು.

ಲೆಕ್ಕಕ್ಕೆ ಏನೂ ಕೊಂಡಿಲ್ಲ. ಹಿಪ್ಪುನೇರಳೆ ಕಡ್ಡಿ ಒಣಗಿಸಿ ಒಂದೇ ಅಳತೆಗೆ ಕತ್ತರಿಸಿ, ಹತ್ತಕ್ಕೊಂದು ಕಟ್ಟು ರಬ್ಬರ್ ಬ್ಯಾಂಡ್ ಹಾಕಿದೆವು. ನೂರರವರೆಗೆ ಬರೆಯುವುದನ್ನು ಪೂರ್ತಿ ನಿಲ್ಲಿಸಿ ಹತ್ತರಿಂದ ಮತ್ತೆ ಶುರು ಮಾಡಿದೆವು. 13 ಅಂದರೆ ಒಂದು ಕಟ್ಟು, ಮೂರು ಬಿಡಿ. 31 ಅಂದರೆ ಮೂರು ಕಟ್ಟು, ಒಂದು ಬಿಡಿ. ಯಾವುದು ಜಾಸ್ತಿ? ಇದನ್ನು ಕೈಯಲ್ಲಿ ಹಿಡಿದು ನೋಡಿದ ದಿನ ಅವಳ ಮುಖ ನೋಡಬೇಕಿತ್ತು. ಬರವಣಿಗೆಗೆ ಪೆನ್ಸಿಲ್ ಎತ್ತಿಟ್ಟು ಸ್ಲೇಟು, ಬಳಪ, ಅಂಗಳದ ರಂಗೋಲಿ.

ಖರ್ಚು? ಕಾರ್ಡುಗಳ ಜೆರಾಕ್ಸ್, ಒಂದು ಕಟ್ಟು ಬಿಳಿ ಹಾಳೆ, ಸ್ಲೇಟು, ಬಣ್ಣ, ಅಂಟು, ಐದಾರು ಕಥೆಗಳ ಪ್ರಿಂಟು. ವರ್ಷಕ್ಕೆ ಎಲ್ಲ ಸೇರಿ 2 ಸಾವಿರ ರೂಪಾಯಿ ದಾಟಲಿಲ್ಲ.

ಹುಳು ಮನೆ ಮತ್ತು ಮಗು

ಪರಿಸರ ಪಾಠಕ್ಕೆ ಬೇರೆ ಪುಸ್ತಕ ಬೇಕೇ ಅಂತ ತಾಯಿ ಕೇಳಿದರು. ಮನೆಯಲ್ಲೇ ಇರುವ ಪಾಠ ಯಾವ ಕಿಟ್‌ನಲ್ಲೂ ಸಿಗುವುದಿಲ್ಲ. ಆದರೆ ಒಂದು ಎಚ್ಚರ ಬೇಕು. ಹುಳು ಮನೆಗೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆಯುತ್ತಾರೆ. ಮಕ್ಕಳ ಕಣ್ಣಿಗೆ, ಉಸಿರಿಗೆ ಅದು ಒಳ್ಳೆಯದಲ್ಲ. ಹೊರಗಿನವರು ಒಳಗೆ ಓಡಾಡಿದರೆ ಹುಳುವಿಗೂ ರೋಗ ಅಂಟುತ್ತದೆ. ಆದ್ದರಿಂದ ಮಕ್ಕಳು ಒಳಗೆ ಹೋಗಲೇ ಇಲ್ಲ. ಮೂರನೇ ಜ್ವರ ಎದ್ದ ಹತ್ತು ಹುಳುವನ್ನು ತಂದೆ ಒಂದು ತಟ್ಟೆಯಲ್ಲಿ ಜಗುಲಿಗೆ ತಂದು ಕೊಟ್ಟರು. ಕೊಟ್ಟ ಹುಳು ಮತ್ತೆ ಒಳಗೆ ಹೋಗುವಂತಿಲ್ಲ, ಅದು ಕರಾರು.

ಮಗು ದಿನಾ ಸೊಪ್ಪು ಹಾಕಿತು, ಎಣಿಸಿತು, ಕಡ್ಡಿ ಪಕ್ಕ ಇಟ್ಟು ಉದ್ದ ನೋಡಿತು, ಚಿತ್ರ ಬರೆಯಿತು. ನಾಲ್ಕನೇ ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು ಅಂತ ತಮ್ಮನ ಕೈ ತಡೆಯಿತು. ಹಣ್ಣಾಗಿ ಮೈ ಮಿಂಚಿದಾಗ ಕಡ್ಡಿಗಳ ನಡುವೆ ಬಿಟ್ಟರು. ಎರಡು ಮೂರು ದಿನದಲ್ಲಿ ಗೂಡು. ಎರಡು ಗೂಡನ್ನು ಮಾರದೆ ಹಾಗೇ ಇಟ್ಟರು. ಕೆಲವು ದಿನ ಕಳೆದು ಚಿಟ್ಟೆ ಹೊರಬಂತು. ಅದು ಏನೂ ತಿನ್ನುವುದಿಲ್ಲ, ಹಾರುವುದೂ ಇಲ್ಲ. ಯಾಕೆ ತಿನ್ನಲ್ಲ ಅಂತ ಮಗು ಅಪ್ಪನನ್ನು ಕೇಳಿತು. ಇಷ್ಟು ವರ್ಷ ರೇಷ್ಮೆ ಬೆಳೆದ ಅಪ್ಪ ಯೋಚನೆಗೆ ಬಿದ್ದರು. ಗೂಡು ಯಾವಾಗಲೂ ಮಾರುಕಟ್ಟೆಗೆ ಹೋಗುತ್ತದೆ. ಅವರೂ ಚಿಟ್ಟೆಯನ್ನು ಅಷ್ಟು ಹೊತ್ತು ಕೂತು ನೋಡಿದ್ದು ಅದೇ ಮೊದಲು.

ಬೆಳೆ ಕೊನೆಯ ವಾರದಲ್ಲಿ ಮನೆಯಲ್ಲಿ ನಡೆದ ಪಾಠ ಇಷ್ಟೇ. ತಾಯಿಯ ಮುಖದಲ್ಲಿ ಆಗ ಆ ಅಪರಾಧಿ ಭಾವ ಇರಲಿಲ್ಲ. ಗೂಡು ಮಾರಿ ಬಂದ ಮೇಲೆ ಕಾರ್ಡಿನ ಡಬ್ಬಿ ತೆರೆದು, ಏಣಿಯ ಚಿತ್ರದ ಮೇಲೆ ಗುರುತಿಗೆ ಸಿಕ್ಕಿಸಿದ್ದ ಬಟ್ಟೆ ಒಣಹಾಕುವ ಕ್ಲಿಪ್ ಎಲ್ಲಿತ್ತೋ ಅಲ್ಲಿಂದ ಮುಂದುವರಿಸಿದರು. ಒಂದೆರಡು ದಿನ ಹಳೆಯ ಕಾರ್ಡು ನೆನಪಿಸಬೇಕಾಗುತ್ತಿತ್ತು. ಅದಕ್ಕಿಂತ ಜಾಸ್ತಿ ನಷ್ಟ ಆಗಲಿಲ್ಲ.

ವರ್ಷದ ಕೊನೆಗೆ

ಮಾರ್ಚ್ ಹೊತ್ತಿಗೆ ಅವಳು ಗುಣಿತವಿಲ್ಲದ ಮಾತುಗಳನ್ನು ತಡೆಯಿಲ್ಲದೆ ಓದುತ್ತಿದ್ದಳು. ದೀರ್ಘ, ಇಕಾರ, ಉಕಾರ ಬಂದಿದ್ದವು. ಏಕಾರ, ಓಕಾರದಲ್ಲಿ ಎಡವುತ್ತಿದ್ದಳು. ಒತ್ತಕ್ಷರ ಮುಟ್ಟಿರಲಿಲ್ಲ. ಯುಕೆಜಿಗೆ ಇದು ಕಡಿಮೆ ಅಲ್ಲವೇ ಅಲ್ಲ. 50ರವರೆಗೆ ಎಣಿಸಿ ಕೊಡುತ್ತಿದ್ದಳು, 20ರೊಳಗೆ ಕೂಡುತ್ತಿದ್ದಳು. ಬರೆಯುವುದಕ್ಕೆ ಅಳು ನಿಂತಿತ್ತು. ಆದರೂ ಬರವಣಿಗೆ ಇನ್ನೂ ನಿಧಾನ. ಗಟ್ಟಿಯಾಗಿ ಓದು ಅಂದರೆ ಹೊಸಬರ ಮುಂದೆ ಈಗಲೂ ಬಾಯಿ ಬಿಡುವುದಿಲ್ಲ.

ಮುಂದಿನ ವರ್ಷವೂ ಮನೆಯಲ್ಲೇ ಕಲಿಸೋಣವಾ ಅಂತ ತಾಯಿ ಕೇಳಿದರು. ಕಾನೂನು ಏನು ಹೇಳುತ್ತದೆ ಅಂತ ಒಟ್ಟಿಗೆ ನೋಡಿದೆವು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದು. ಅದರ 10ನೇ ಕಲಂ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಅನ್ನುತ್ತದೆ. ಸೇರಿಸದಿದ್ದರೆ ಇಂಥ ಶಿಕ್ಷೆ ಅಂತ ಹೇಳುವುದಿಲ್ಲ. ಮನೆಶಿಕ್ಷಣವನ್ನು ಹೆಸರಿಟ್ಟು ಒಪ್ಪಿಯೂ ಇಲ್ಲ, ಬೇಡ ಅಂದೂ ಇಲ್ಲ. ಶಾಲೆಗೆ ಹೋಗದ ಮಗು ಮುಂದೆ ಸೇರಲು ಬಂದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ 4ನೇ ಕಲಂ ಇದೆ. ಮನೆಯಲ್ಲೇ ಮುಂದುವರಿಯುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಎ, ಬಿ, ಸಿ ಹಂತಗಳಿವೆ. ಅವು 3, 5, 8ನೇ ತರಗತಿಗೆ ಸಮ.

ನನ್ನ ಅಭಿಪ್ರಾಯ ನೇರವಾಗಿ ಹೇಳಿದೆ: ನಡೆದು ಹೋಗುವ ದೂರದಲ್ಲಿ ಸರ್ಕಾರಿ ಶಾಲೆ ಇದೆ, ಅಲ್ಲಿ ಇದೇ ಏಣಿ ಇದೆ, ಮಗು ಹತ್ತಿದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಬೆಳೆ ವಾರದಲ್ಲಿ ನಿಮಗೂ ಭಾರ ಇಳಿಯುತ್ತದೆ. ಸೇರಿಸಿ.

ತಂದೆಗೆ ಇಂಗ್ಲಿಷ್ ಮೀಡಿಯಂ ಆಸೆ. ಖಾಸಗಿ ಶಾಲೆಯವರು ಮಗುವಿಗೆ ಇಂಗ್ಲಿಷ್ ಟೆಸ್ಟ್ ಇಟ್ಟರೆ ಏನು ಗತಿ ಅನ್ನುವ ಭಯ. ಹಾಗೆ ಪರೀಕ್ಷೆ ಮಾಡಿ ಸೇರಿಸಿಕೊಳ್ಳುವುದನ್ನು ಅದೇ ಕಾಯ್ದೆಯ 13ನೇ ಕಲಂ ತಡೆಯುತ್ತದೆ ಅಂತ ತೋರಿಸಿದೆ. ಇಂಗ್ಲಿಷನ್ನು ಈ ವರ್ಷ ಹಾಡು, ಆಟ, ಸಣ್ಣ ಮಾತುಗಳಲ್ಲಿ ಕಿವಿಗೆ ಮಾತ್ರ ಹಾಕಿದ್ದೆವು. "ಬಾಗಿಲು ಹಾಕು, ನೀರು ತಾ" ಅನ್ನುವಂಥದ್ದು ಅವಳಿಗೆ ಇಂಗ್ಲಿಷಿನಲ್ಲಿ ಅರ್ಥವಾಗುತ್ತದೆ. ತಂದೆಗೆ ಅದು ಸಾಲದು ಅನ್ನಿಸಿದೆ, ಅವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಸದ್ಯಕ್ಕೆ ಜೂನ್‌ನಲ್ಲಿ ಊರಿನ ಶಾಲೆಗೆ ಸೇರಿಸುವುದು, 3ನೇ ತರಗತಿ ಮುಗಿದ ಮೇಲೆ ಇಂಗ್ಲಿಷ್ ಮೀಡಿಯಂ ವಿಷಯ ಮತ್ತೆ ಕೂತು ಮಾತಾಡುವುದು ಅಂತ ಗಂಡ ಹೆಂಡತಿ ಒಪ್ಪಿಕೊಂಡಿದ್ದಾರೆ. ಕಾರ್ಡಿನ ಡಬ್ಬಿಯನ್ನು ತಾಯಿ ಚಿಕ್ಕವನಿಗೆ ಅಂತ ಎತ್ತಿಟ್ಟಿದ್ದಾರೆ. ಅವನಿಗೆ 5 ತುಂಬುವವರೆಗೆ ತೆರೆಯಬೇಡಿ ಅಂತ ಹೇಳಿ ಬಂದಿದ್ದೇನೆ.